ಸೋರುವ ಲೋಟಕ್ಕೆ ಅವ್ವನ ಗಂಜಿ

ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಹಗಿ ಲೋಟದಲ್ಲೇ ಟೀ ಕುಡಿಯುತ್ತಿದ್ದೇನೆ. ಜಪಾನಿನ ಹಗಿ ಊರಿನ ಮಣ್ಣಿನ ಲೋಟ, ಹಿಡಿ ಇರುವುದಿಲ್ಲ, ಅಲ್ಲಿ ಯುನೊಮಿ ಅಂತಾರೆ. ಆನ್‌ಲೈನ್‌ನಲ್ಲಿ 2,400 ರೂಪಾಯಿ ಕೊಟ್ಟೆ. ದಾವಣಗೆರೆಗೆ ಬಂದ ದಿನ ಬಾಕ್ಸ್ ಬಿಚ್ಚಿದ ಅವ್ವ, "ಇಷ್ಟು ರೊಕ್ಕ ಕೊಟ್ಟು ಸೊಟ್ಟ ಲೋಟ ತರಿಸಿದ್ದೀಯಲ್ಲೋ" ಅಂದಳು.

ಸೊಟ್ಟ ಇರುವುದು ನಿಜ. ಬಾಯಿ ಒಂದು ಕಡೆ ತಗ್ಗಿದೆ, ಹೂವು ಬಳ್ಳಿ ಏನೂ ಇಲ್ಲ, ತಳದಲ್ಲಿ ಮೆರುಗು ಹಚ್ಚದೆ ಮಣ್ಣನ್ನು ಹಾಗೇ ಬಿಟ್ಟಿದ್ದಾರೆ. ನನಗೆ ಬೇಕಿದ್ದದ್ದೂ ಅದೇ. 16ನೇ ಶತಮಾನದ ಜಪಾನಿನಲ್ಲಿ ಸೆನ್ ನೊ ರಿಕ್ಯು ಅನ್ನುವ ಟೀ ಗುರು ಇದ್ದ, ಟೀ ಮಾಡಿ ಕೊಡುವುದನ್ನೇ ಕಲೆಯಾಗಿ ಕಲಿಸುವವನು, ಕ್ಯೋಟೋದ ದೈತೊಕುಜಿ ಅನ್ನುವ ಝೆನ್ ಬೌದ್ಧ ಮಠದಲ್ಲಿ ಪಳಗಿದವನು. ಚೀನಾದ ನಯವಾದ ಬಟ್ಟಲುಗಳಿಗೇ ಬೆಲೆ ಇದ್ದ ಕಾಲದಲ್ಲಿ ಕುಂಬಾರರು ಕೈಯಲ್ಲೇ ತಟ್ಟಿ ಮಾಡಿದ ಒರಟು ಬಟ್ಟಲನ್ನು ಅವನು ಹಿಡಿದು ಕೂತ. ಆ ಅಭಿರುಚಿಯೇ ಅಡುಗೆಮನೆಯ ಲೋಟದವರೆಗೂ ಇಳಿದು ಬಂದಿದೆ. ಹಗಿಯಲ್ಲಿ ಈ ಕೆಲಸ ಶುರು ಮಾಡಿದವರು 1600ರ ಆಸುಪಾಸಿನಲ್ಲಿ ಕೊರಿಯಾದಿಂದ ಕರೆತಂದ ಕುಂಬಾರರು.

ಮೊದಲ ದಿನವೇ ಟೇಬಲ್ ಮೇಲೆ ಒದ್ದೆ ಉಂಗುರ. ಲೋಟ ಸೋರುತ್ತಿತ್ತು! ಮಾರಿದವರನ್ನು ಕೇಳಿದರೆ "ಅದು ಹಾಗೇ" ಅಂತ ಒಂದೇ ಮಾತು. ಒಂದು ಚೀಟಿ ಇಟ್ಟಿದ್ದರೆ ಆಗುತ್ತಿತ್ತು, ಅಲ್ವಾ? ಅವ್ವ ಮಾತ್ರ ಗಾಬರಿಯಾಗಲಿಲ್ಲ. "ಹೊಸ ಮಡಕೆ ಕಣೋ, ಪಳಗಿಸಬೇಕು" ಅಂದು ರಾತ್ರಿಯಿಡೀ ತೆಳ್ಳನೆ ಗಂಜಿಯಲ್ಲಿ ಮುಳುಗಿಸಿಟ್ಟಳು. ಆಮೇಲೆ ಓದಿದರೆ ಜಪಾನಿನ ಮನೆಗಳಲ್ಲೂ ಇದೇ ಉಪಾಯ, ಅಕ್ಕಿ ತೊಳೆದ ನೀರಲ್ಲಿ ಕುದಿಸುತ್ತಾರಂತೆ, ಅಕ್ಕಿಯ ಪಿಷ್ಟ ಒಳಗಿಳಿದು ಸಣ್ಣ ತೂತು ಮುಚ್ಚುತ್ತದೆ. ಎರಡು ವಾರಕ್ಕೆ ಸೋರುವುದು ನಿಂತಿತು.

ಹಗಿ ಮಣ್ಣು ಮೆತ್ತಗೆ, ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಟೀ ಅದರೊಳಗೆ ಇಳಿದು ಇಳಿದು ಬಣ್ಣ ತಿರುಗುತ್ತದೆ, ಇದಕ್ಕೆ 'ಹಗಿಯ ಏಳು ಬದಲಾವಣೆ' ಅಂತ ಅವರಲ್ಲಿ ಮಾತೇ ಇದೆ. ನನ್ನ ಲೋಟ ಬಂದಾಗ ಕೆನೆ ಬಣ್ಣದ್ದು, ಈಗ ಒಳಗೆಲ್ಲ ಕಂದು ಗೆರೆ. ದಿನಾ ಬೆಳಿಗ್ಗೆ ಎಷ್ಟು ಬದಲಾಗಿದೆ ಅಂತ ಬೆಳಕಿಗೆ ಹಿಡಿದು ನೋಡುತ್ತೇನೆ.

ನಮ್ಮ ಕುದಿಯುವ ಹಾಲಿನ ಟೀಗೆ ಇದು ಸ್ವಲ್ಪ ಕಷ್ಟ, ಕೈ ಸುಡುತ್ತದೆ. ಅವರ ಹಸಿರು ಟೀ ಅಷ್ಟು ಬಿಸಿ ಇರುವುದಿಲ್ಲ. ಮುಕ್ಕಾಲು ತುಂಬಿ, ಅಂಚು ಹಿಡಿಯಿರಿ. ಹಾಲಿನ ವಾಸನೆ ಕೂರುತ್ತದೆ, ಕುಡಿದ ತಕ್ಷಣ ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮೈಕ್ರೋವೇವ್ ಬೇಡ. ಶೋಕೇಸಿಗೆ ಅಂತಾದರೆ ತಗೋಬೇಡಿ, ದಿನಾ ಬಳಸುವವರು ಒಂದೇ ಒಂದು ತಗೊಳ್ಳಿ.