ಜಾರುವ ಭುಜಕ್ಕೆ ಯಾವ ಬ್ರೇಸ್? ಎಲ್ಲಾ ಹಾಕಿ ನೋಡಿ ಒಂದನ್ನು ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಭುಜ ಮುಂದಕ್ಕೆ ಜಾರುವ ಜಾತಿಯದ್ದಾಗಿದ್ದು, ಆಟ ಬಿಡೋಕೆ ಮನಸ್ಸೂ ಇಲ್ಲದಿದ್ದರೆ, ತೋಳನ್ನು ಹಿಡಿದು ನಿಲ್ಲಿಸುವ ಪಟ್ಟಿ ಇರುವ ನಿಯೋಪ್ರಿನ್ (ರಬ್ಬರಿನಂಥ ಹಿಗ್ಗುವ ಬಟ್ಟೆ) ಬ್ರೇಸ್ ತಗೊಳ್ಳಿ. ಸ್ಲಿಂಗ್ (ಕತ್ತಿನಿಂದ ಕೈ ತೂಗುಹಾಕುವ ಜೋಳಿಗೆ), ಟೇಪು, ಪಟ್ಟಿ ಇಲ್ಲದ ಬರೀ ಸ್ಲೀವ್, ಗಟ್ಟಿ ಹಾರ್ನೆಸ್ ಎಲ್ಲವನ್ನೂ ಹಾಕಿ ನೋಡಿದ ಮೇಲೆ ನನ್ನ ಕಿಟ್ ಬ್ಯಾಗಿನಲ್ಲಿ ಉಳಿದಿರುವುದು ಅದೊಂದೇ. ಅದರಲ್ಲೂ ಒಂದು ತಲೆನೋವಿದೆ, ಅದನ್ನು ಕೆಳಗೆ ವಿವರವಾಗಿಯೇ ಹೇಳುತ್ತೇನೆ. ಆದರೂ ಅದೇ ನನ್ನ ಆಯ್ಕೆ.

ನನ್ನದು ಬಲಭುಜ, ಬ್ಯಾಡ್ಮಿಂಟನ್ ಆಡುವ ಕೈ. ಒಮ್ಮೆ ಪೂರ್ತಿ ಕೀಲು ತಪ್ಪಿತ್ತು. ಆಮೇಲಿಂದ ಅಷ್ಟು ದೂರ ಹೋಗದಿದ್ದರೂ ಆಗಾಗ ಅರ್ಧ ಜಾರಿ ತಾನೇ ವಾಪಸ್ ಕೂರುತ್ತಿತ್ತು. ಆ 'ಟಕ್' ಅನ್ನುವುದು ಏನು ಅಂತ ಅನುಭವಿಸಿದವರಿಗೆ ಹೇಳಬೇಕಿಲ್ಲ.

ಬ್ರೇಸ್ ಬಗ್ಗೆ ಮಾತಾಡುವ ಮೊದಲು ಅದು ಏನನ್ನು ತಡೆಯಬೇಕು ಅನ್ನೋದು ಗೊತ್ತಿರಬೇಕು. ತೋಳಿನ ಮೂಳೆಯ ಮೇಲ್ತುದಿಯ ಗುಂಡು ದೊಡ್ಡದು, ಅದು ಕೂರುವ ಕುಳಿ ಚಿಕ್ಕದು, ಆಳವೂ ಇಲ್ಲ. ಗುಂಡಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ಕುಳಿಗೆ ತಾಗಿರುತ್ತದೆ. ಕೈ ಎಲ್ಲಾ ದಿಕ್ಕಿಗೂ ತಿರುಗೋದು ಇದರಿಂದಲೇ, ಜಾರೋದೂ ಇದರಿಂದಲೇ. ಕುಳಿಯ ಸುತ್ತ ಲೇಬ್ರಮ್ ಅನ್ನುವ ಮೆತ್ತಗಿನ ಅಂಚು ಇರುತ್ತದೆ. ಭುಜ ಮುಂದಕ್ಕೆ ಜಾರಿದಾಗ ಆ ಅಂಚಿನ ಮುಂಭಾಗ ಹೆಚ್ಚಾಗಿ ಕಿತ್ತು ಬರುತ್ತದೆ. ಬ್ರಿಟನ್ನಿನ ಸರ್ಜನ್ ಬ್ಯಾಂಕಾರ್ಟ್ 1923ರಲ್ಲೇ ಇದನ್ನು ಬರೆದಿದ್ದರು. ನಿಮ್ಮ ಎಂಆರ್‌ಐ ರಿಪೋರ್ಟಿನಲ್ಲಿ 'ಬ್ಯಾಂಕಾರ್ಟ್' ಅನ್ನುವ ಪದ ಕಂಡರೆ ಅದು ಅವರ ಹೆಸರೇ. ಕಿತ್ತ ಅಂಚನ್ನು ಯಾವ ಬ್ರೇಸೂ ಹೊಲಿದು ಕೊಡೋದಿಲ್ಲ. ಜಾರುವ ಭಂಗಿಗೆ ತೋಳು ಹೋಗದಂತೆ ತಡೆಯಬಹುದು, ಅಷ್ಟೇ.

ಆ ಭಂಗಿ ಯಾವುದು ಅಂದರೆ, ತೋಳು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎದ್ದು, ಮುಂಗೈ ಹಿಂದಕ್ಕೆ ವಾಲಿರುವುದು. ಚೆಂಡು ಎಸೆಯುವ ಮುನ್ನ, ಸ್ಮ್ಯಾಶ್ ಹೊಡೆಯುವ ಮುನ್ನ ಕೈ ಎಲ್ಲಿರುತ್ತದೋ ಅಲ್ಲಿ. ಕೀಲು ತಪ್ಪುವ ಭುಜಗಳಲ್ಲಿ ನೂರಕ್ಕೆ 95ರಷ್ಟು ಮುಂದಕ್ಕೇ ತಪ್ಪುತ್ತವೆ. ಹಾಗಾಗಿ ನಾನು ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿದೆ: ಆ ಭಂಗಿಗೆ ಮುಂಚೆಯೇ ತೋಳನ್ನು ನಿಲ್ಲಿಸುತ್ತದಾ? ಯಾರ ಸಹಾಯವೂ ಇಲ್ಲದೆ ಹಾಕಿಕೊಳ್ಳಬಹುದಾ?

ಸ್ಲಿಂಗ್ ಈ ಸ್ಪರ್ಧೆಯಲ್ಲೇ ಇಲ್ಲ. ಅದು ಕೀಲು ಕೂರಿಸಿದ ಮೇಲಿನ ಮೊದಲ ದಿನಗಳಿಗೆ, ನೋವು ಇಳಿಯುವ ತನಕ. ಅದನ್ನು ಹಾಕಿಕೊಂಡು ಯಾರೂ ಆಡೋಕಾಗಲ್ಲ, ಜಾಸ್ತಿ ದಿನ ಹಾಕಿದರೆ ಭುಜ ಬಿಗಿದುಕೊಳ್ಳುತ್ತದೆ. ತೋಳನ್ನು ಹೊಟ್ಟೆಗೆ ಒತ್ತಿ ಕಟ್ಟುವ ಬದಲು ಹೊರಕ್ಕೆ ತಿರುಗಿಸಿ ಕಟ್ಟಿದರೆ ಮತ್ತೆ ಜಾರೋದು ಕಡಿಮೆ ಅಂತ ಜಪಾನಿನ ಡಾ. ಇಟೋಯ್ ಅವರ ತಂಡ 2007ರಲ್ಲಿ ಪ್ರಕಟಿಸಿತ್ತು. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಡಾಕ್ಟರಿಗೇ ಬಿಡೋಣ, ಅಂಗಡಿಯಲ್ಲಿ ನಿಂತು ತೀರ್ಮಾನಿಸುವ ವಿಷಯ ಅಲ್ಲ.

ಟೇಪಿನ ಬಗ್ಗೆ ನನಗೆ ಆಸೆ ಇತ್ತು. ಬಟ್ಟೆಯ ಒಳಗೆ ಗೊತ್ತೇ ಆಗಲ್ಲ, ಭಾರ ಇಲ್ಲ. ಫಿಸಿಯೋ ಹಾಕಿಕೊಟ್ಟಾಗ ಭುಜ ಎಲ್ಲಿದೆ ಅನ್ನುವ ಅರಿವು ಚೆನ್ನಾಗೇ ಇತ್ತು. ಬಣ್ಣಬಣ್ಣದ ಹಿಗ್ಗುವ ಟೇಪು ಏನನ್ನೂ ಹಿಡಿದು ನಿಲ್ಲಿಸೋದಿಲ್ಲ, ಚರ್ಮಕ್ಕೆ ಒಂದು ನೆನಪು ಕೊಡುತ್ತದೆ ಅಷ್ಟೇ. ಹಿಗ್ಗದ ಗಟ್ಟಿ ಟೇಪು ನಿಜವಾಗಿ ಹಿಡಿಯುತ್ತದೆ, ಆದರೆ ಬೆವರು ಬಂದು ಚರ್ಮ ಜಗ್ಗುತ್ತಾ ಹೋದ ಹಾಗೆ ಸಡಿಲ ಆಗುತ್ತದೆ. ಮೊದಲ ಗೇಮ್‌ನಲ್ಲಿ ಇದ್ದ ಬಿಗಿ ಮೂರನೇ ಗೇಮ್‌ಗೆ ಇರಲ್ಲ. ದಣಿದ ಭುಜ ಜಾರೋದೂ ಆಗಲೇ. ಇನ್ನು ನಮ್ಮ ಭುಜಕ್ಕೆ ನಾವೇ ಗಟ್ಟಿ ಟೇಪು ಹಾಕೋದು ಆಗದ ಮಾತು. ಪ್ರತಿ ಸಲ ಹೊಸ ರೋಲ್, ಪ್ರತಿ ಸಲ ಹಾಕೋಕೆ ಒಬ್ಬರು. ವರ್ಷವಿಡೀ ಆಡುವವರಿಗೆ ಇದು ಅಗ್ಗ ಅನ್ನಿಸಿದರೂ ಅಗ್ಗ ಅಲ್ಲ.

ಬರೀ ಸ್ಲೀವ್ ಎಲ್ಲದಕ್ಕಿಂತ ಕಡಿಮೆ ದುಡ್ಡಿನದ್ದು. ತುಂಬಾ ಜನ ಇದನ್ನೇ ತಗೊಳ್ಳೋದು. ತೋಳಿಗೂ ಭುಜಕ್ಕೂ ಒಂದು ಹೊದಿಕೆ, ಎದೆಯ ಸುತ್ತ ಒಂದು ತೆಳು ಬೆಲ್ಟ್. ಬೆಚ್ಚಗಿರುತ್ತದೆ, ಒತ್ತುತ್ತದೆ, ಧೈರ್ಯ ಬರುತ್ತದೆ. ನನಗೆ ಭಯ ಹುಟ್ಟಿಸಿದ್ದೇ ಆ ಧೈರ್ಯ. ಕನ್ನಡಿ ಮುಂದೆ ನಿಂತು ನಿಧಾನಕ್ಕೆ ತೋಳು ಎತ್ತಿ ಹಿಂದಕ್ಕೆ ತಿರುಗಿಸಿದರೆ ಸ್ಲೀವ್ ಸುಮ್ನೆ ಜೊತೆಗೆ ಬಂತು. ಎಲ್ಲೂ ತಡೆಯಲಿಲ್ಲ. ಕೀಲು ಸಡಿಲ ಇಲ್ಲದೆ ಬರೀ ನೋವಿರುವವರಿಗೆ, ಬೆನ್ನು ಕೂನು ಮಾಡಿ ಕೂತು ಕೆಲಸ ಮಾಡಿ ಭುಜ ಹಿಡಿದುಕೊಂಡವರಿಗೆ ಇದು ಸಾಕು.

ಹಾರ್ನೆಸ್ ಇದಕ್ಕೆ ಪೂರ್ತಿ ಉಲ್ಟಾ. ಜೊತೆಯಲ್ಲಿ ಆಡುವವರೊಬ್ಬರದ್ದನ್ನು ಕೇಳಿ ಹಾಕಿ ನೋಡಿದೆ. ಎದೆಗೆ ಗಟ್ಟಿ ಪಟ್ಟಾ, ಮೇಲ್ತೋಳಿಗೆ ಇನ್ನೊಂದು, ಎರಡರ ನಡುವೆ ದಾರ. ದಾರದ ಉದ್ದ ಎಷ್ಟೋ ತೋಳು ಅಷ್ಟೇ ಏಳೋದು, ಒಂದು ಇಂಚೂ ಜಾಸ್ತಿ ಇಲ್ಲ. ಮೈಗೆ ಮೈ ತಾಗಿಸಿ ಆಡುವ ಆಟಗಳವರಿಗೆ ಇದೇ ಸರಿ. ನೆಟ್ ದಾಟಿ ಯಾರೂ ಬಂದು ಗುದ್ದದ ಬ್ಯಾಡ್ಮಿಂಟನ್‌ಗೆ ಇಷ್ಟು ಯಾಕೆ? ಕ್ಲಿಯರ್, ಅಂದರೆ ಶಟಲ್ಲನ್ನು ಎತ್ತರಕ್ಕೆ ಅಂಕಣದ ಹಿಂಭಾಗಕ್ಕೆ ಕಳಿಸುವ ಹೊಡೆತ ಕೂಡ ಹೊಡೆಯೋಕಾಗಲಿಲ್ಲ.

ಇನ್ನು ನನ್ನ ಮೆಚ್ಚಿನದು. ಇದರ ಮೈ ಸ್ಲೀವಿನದ್ದೇ: ಅರ್ಧ ಜಾಕೆಟ್ಟು, ಎದೆ ಸುತ್ತ ಅಗಲ ಬೆಲ್ಟ್. ವ್ಯತ್ಯಾಸ ಇರೋದು ಬೇರೆಯಾಗಿ ಬರುವ ಹಿಗ್ಗುವ ಪಟ್ಟಿಗಳಲ್ಲಿ. ಅವುಗಳ ತುದಿಯಲ್ಲಿ ವೆಲ್ಕ್ರೋ. ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅನ್ನೋದನ್ನು ನೀವೇ ಗೊತ್ತು ಮಾಡಬಹುದು. ಮುಂದಕ್ಕೆ ಜಾರುವ ಭುಜಕ್ಕೆ ಪಟ್ಟಿಯ ಒಂದು ತುದಿಯನ್ನು ಮೇಲ್ತೋಳಿನ ಹೊರಮೈಗೆ ಅಂಟಿಸಿ, ತೋಳಿನ ಮುಂಭಾಗದಿಂದ ಎದೆಯ ಮೇಲೆ ಎಳೆದು ಆಚೆ ಪಕ್ಕದ ಬೆಲ್ಟಿಗೆ ಕಟ್ಟಬೇಕು. ಆಗ ತೋಳು ಹೊರಕ್ಕೆ ತಿರುಗೋಕೆ ಹೋದಾಗಲೆಲ್ಲ ಪಟ್ಟಿ ಒಳಕ್ಕೆ ಎಳೆಯುತ್ತದೆ. ಹಿಂದಕ್ಕೆ ಜಾರುವ ಭುಜಕ್ಕೆ ಇದೇ ಪಟ್ಟಿಯನ್ನು ಬೆನ್ನಿನ ಕಡೆಗೆ ಎಳೆಯಬೇಕಾಗುತ್ತದೆ. ದಿಕ್ಕು ತಪ್ಪಿದರೆ ಬ್ರೇಸೇ ಭುಜವನ್ನು ಜಾರುವ ಕಡೆಗೆ ಎಳೆಯುತ್ತದೆ. ಹಾಗಾಗಿ ನಿಮ್ಮದು ಯಾವ ಕಡೆಯದ್ದು ಅಂತ ಡಾಕ್ಟರ್ ಅಥವಾ ಫಿಸಿಯೋ ಹತ್ತಿರ ಕೇಳದೆ ಇದನ್ನು ತಗೋಬೇಡಿ. ಎಲ್ಲಾ ಕಡೆಗೂ ಸಡಿಲ ಇರುವ ಭುಜಗಳೂ ಇರುತ್ತವೆ, ಅವಕ್ಕೆ ವ್ಯಾಯಾಮವೇ ಮುಖ್ಯ ಮದ್ದು.

ಈಗ ಆ ತಲೆನೋವು. ಇದನ್ನು ಒಬ್ಬರೇ ಹಾಕಿಕೊಳ್ಳೋದು.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವವರು ನಗುತ್ತಾ ಹಾಕಿಕೊಳ್ಳುತ್ತಾರೆ. ಅವರ ಭುಜ ಗಟ್ಟಿ ಇದೆ, ಅಲ್ವಾ! ನಾನು ಬಲ ಮೇಲ್ತೋಳಿನ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಎಡಪಕ್ಕಕ್ಕೆ ಎಳೆಯಬೇಕು. ಅಷ್ಟರಲ್ಲಿ ಎದೆಯ ಬೆಲ್ಟ್ ಮೇಲಕ್ಕೆ ಸರಿದು ಕಂಕುಳಿಗೆ ಕಚ್ಚುತ್ತದೆ. ವೆಲ್ಕ್ರೋ ಉತ್ತರಾಣಿ ಬೀಜದ ಹಾಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ, ಬೇಕಾದ ಜಾಗ ಒಂದನ್ನು ಬಿಟ್ಟು. ಬಿಡಿಸಿ ಮತ್ತೆ ಎಳೆಯುವಾಗ ಬಲಗೈ ತಾನಾಗಿ ಸಹಾಯಕ್ಕೆ ಬರುತ್ತದೆ. ಬೇಡ ಅಂದುಕೊಂಡ ಭಂಗಿಗೆ ಹತ್ತಿರ ಹೋಗೋದು ಆಗಲೇ. ಭುಜ ಕಾಪಾಡೋಕೆ ತಂದ ವಸ್ತು ಹಾಕಿಕೊಳ್ಳುವಾಗಲೇ ಭುಜ ಜಾರಿದರೆ ಏನು ಹೇಳೋದು?

ಕೊನೆಗೆ ಸರಿಹೋಗಿದ್ದು ಹೀಗೆ. ಬ್ರೇಸನ್ನು ಮೇಜಿನ ಮೇಲೆ ಒಳಮೈ ಮೇಲೆ ಮಾಡಿ ಹರವಬೇಕು. ಪಟ್ಟಿಯ ತೋಳಿನ ತುದಿಯನ್ನು ಅಲ್ಲೇ ಮೊದಲು ಅಂಟಿಸಿಬಿಡಬೇಕು, ಮೈ ಮೇಲೆ ಹಾಕಿಕೊಂಡ ನಂತರ ಅಲ್ಲ. ಇನ್ನೊಂದು ತುದಿಯ ವೆಲ್ಕ್ರೋವನ್ನು ಅದರದ್ದೇ ಪಟ್ಟಿಯ ಮೇಲೆ ಮಡಚಿ ಬಾಯಿ ಮುಚ್ಚಬೇಕು, ಆಗ ದಾರಿಯಲ್ಲಿ ಎಲ್ಲೂ ಅಂಟಲ್ಲ. ನಂತರ ಕೂತುಕೊಂಡು ನೋವಿರುವ ತೋಳನ್ನು ಮೊದಲು ತೂರಿಸಬೇಕು. ಬಿಚ್ಚುವಾಗ ಚೆನ್ನಾಗಿರುವ ಕಡೆಯನ್ನು ಮೊದಲು ಬಿಡಿಸಿ, ನೋವಿನ ತೋಳನ್ನು ಕೊನೆಗೆ ತೆಗೆಯಬೇಕು. ಶರ್ಟಿಗೂ ಇದೇ ಕ್ರಮ. ಬಲ ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಕು, ಕೆಲಸ ಮುಗಿಯುವ ತನಕ ಅದು ಅಲ್ಲಿಂದ ಏಳಬಾರದು. ಎದೆ ತುಂಬ ಉಸಿರು ಎಳೆದು ಬೆಲ್ಟ್ ಕಟ್ಟಬೇಕು. ಉಸಿರು ಬಿಟ್ಟು ಕಟ್ಟಿದರೆ ಮೊದಲ ರ್‍ಯಾಲಿಯಲ್ಲೇ ಏದುಸಿರು. ಬೆಲ್ಟ್ ಗಟ್ಟಿಯಾದ ಮೇಲೆ ಎಡಗೈಯಲ್ಲಿ ಪಟ್ಟಿಯನ್ನು ಹಿಡಿದು ಎದೆಯ ಮೇಲೆ ಎಳೆದು, ಜಾಗಕ್ಕೆ ಬಂದ ಮೇಲೆ ಮಡಿಕೆ ಬಿಡಿಸಿ ಒತ್ತಬೇಕು.

ಎಷ್ಟು ಬಿಗಿ? ಕನ್ನಡಿ ಮುಂದೆ ತೋಳನ್ನು ಪಕ್ಕಕ್ಕೆ ಮೆಲ್ಲಗೆ ಎತ್ತಿ. 'ಇನ್ನೇನು ಜಾರಿತು' ಅನ್ನುವ ಅಳುಕು ಬರುತ್ತದಲ್ಲ, ಅದಕ್ಕಿಂತ ಮೊದಲೇ ಪಟ್ಟಿ ತೋಳನ್ನು ಹಿಡಿಯಬೇಕು. ಅಳುಕು ಮೊದಲು ಬಂದರೆ ಇನ್ನೂ ಸ್ವಲ್ಪ ಎಳೆಯಿರಿ. ಬೆರಳು ಜುಮ್ಮೆಂದರೆ, ಕೈ ತಣ್ಣಗಾದರೆ, ಬಣ್ಣ ಬದಲಾದರೆ ತಕ್ಷಣ ಸಡಿಲ ಮಾಡಿ. ಭುಜದ ಹೊರಮೈ ಮರಗಟ್ಟಿದ್ದರೆ ಅದನ್ನು ಬ್ರೇಸಿನ ತಲೆ ಮೇಲೆ ಹಾಕಿ ಸುಮ್ಮನಾಗಬೇಡಿ. ಕೀಲು ತಪ್ಪಿದಾಗ ಅಲ್ಲಿಯ ನರಕ್ಕೆ ಪೆಟ್ಟು ಬೀಳೋದುಂಟು, ಡಾಕ್ಟರಿಗೆ ತೋರಿಸಿ.

ಕಂಕುಳಿನ ಉಜ್ಜು ಎರಡನೆಯ ಕಿರಿಕಿರಿ. ಒಳಗೆ ತೆಳುವಾದ, ಮೈಗಂಟುವ ಟೀಶರ್ಟ್ ಹಾಕಿದರೆ ಮುಗೀತು. ದೊಗಳೆ ಹತ್ತಿ ಬಟ್ಟೆ ಹಾಕಿದರೆ ಅದರ ಮಡಿಕೆಯೇ ಚರ್ಮ ಕೀಳುತ್ತದೆ. ನಿಯೋಪ್ರಿನ್ ಕೆಲವರ ಮೈಗೆ ಆಗಲ್ಲ, ತುರಿಕೆ, ಕೆಂಪು ಗಂಧೆ ಏಳುತ್ತವೆ. ಅಂಥವರು ಬೇರೆ ಬಟ್ಟೆಯದ್ದು ನೋಡಬೇಕು. ಸೆಖೆ ಇದ್ದೇ ಇದೆ.

ಒಗೆಯೋದು ಕೈಯಲ್ಲಿ, ತಣ್ಣೀರಿನಲ್ಲಿ, ವೆಲ್ಕ್ರೋ ಮುಚ್ಚಿ. ಒಣಗಿಸೋದು ನೆರಳಲ್ಲಿ. ವೆಲ್ಕ್ರೋ ತುಂಬ ಸೇರಿಕೊಂಡ ದಾರದ ಎಳೆಗಳನ್ನು ಹಳೇ ಟೂತ್‌ಬ್ರಷ್‌ನಿಂದ ಕೀಳುತ್ತಿದ್ದರೆ ಹಿಡಿತ ಉಳಿಯುತ್ತದೆ.

ಆಟದ ಮಟ್ಟಿಗೆ ಇದು ಕೇಳುವ ಬೆಲೆ ಸ್ಮ್ಯಾಶ್. ಪಟ್ಟಿ ಕಟ್ಟಿದ ಮೇಲೆ ಪೂರ್ತಿ ತೋಳು ಬೀಸಿ ಹೊಡೆಯೋಕೆ ಬರಲ್ಲ. ನಾನು ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಲ್ಲುವವನು, ನನಗೆ ಡ್ರಾಪು, ಡ್ರೈವು ಸಾಕು. ಹಿಂದಿನಿಂದ ಸ್ಮ್ಯಾಶ್ ಹೊಡೆಯುವ ಕೆಲಸ ಜೊತೆಗಾರನದು. ಸಿಂಗಲ್ಸ್ ಆಡುವವರಿಗೆ, ಸ್ಪಿನ್ನಾದರೂ ಸರಿ ಬೌಲಿಂಗ್ ಮಾಡುವವರಿಗೆ, ಈಜುವವರಿಗೆ ಇದು ಒಗ್ಗೋದು ಕಷ್ಟ. ಅವರು ದುಡ್ಡನ್ನು ಬ್ರೇಸಿಗಿಂತ ಮೊದಲು ಫಿಸಿಯೋಗೆ ಹಾಕಲಿ. ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತುವರಿದು ಹಿಡಿಯುವ ಸ್ನಾಯುಗಳು) ಮತ್ತು ಹೆಗಲ ಹಲಗೆಯ ಸುತ್ತಲಿನ ಸ್ನಾಯುಗಳು ಗಟ್ಟಿಯಾದಷ್ಟೂ ಗುಂಡು ಕುಳಿಯಲ್ಲಿ ನಿಲ್ಲುತ್ತದೆ. ನಾನೂ ರಬ್ಬರ್ ಬ್ಯಾಂಡ್ ಹಿಡಿದು ಆ ವ್ಯಾಯಾಮ ಬಿಟ್ಟಿಲ್ಲ. ಬ್ರೇಸ್ ಆಟದ ಹೊತ್ತಿಗೆ ಮಾತ್ರ, ಮನೆಯಲ್ಲಿ ಹಾಕಲ್ಲ. ಚಿಕ್ಕ ವಯಸ್ಸಿನಲ್ಲಿ ಕೀಲು ತಪ್ಪಿದವರಿಗೆ ಮತ್ತೆ ತಪ್ಪುವ ಸಾಧ್ಯತೆ ಜಾಸ್ತಿ. ಅವರು ಆಪರೇಷನ್ ಮಾತನ್ನೂ ಮುಂಚೆಯೇ ಕೇಳಿಟ್ಟುಕೊಳ್ಳೋದು ಒಳ್ಳೇದು.

ದುಡ್ಡಿನ ಲೆಕ್ಕದಲ್ಲಿ ಇದು ಸ್ಲೀವ್‌ಗಿಂತ ದುಬಾರಿ, ಹಾರ್ನೆಸ್‌ಗಿಂತ ಅಗ್ಗ. ಪಟ್ಟಿ ಸವೆದರೆ ಪಟ್ಟಿ ಮಾತ್ರ ಬೇರೆಯಾಗಿ ಸಿಗುವಂಥದ್ದನ್ನು ನೋಡಿ ತಗೊಂಡರೆ ಇನ್ನೂ ಮೇಲು. ಸೈಜಿಗೆ ಶರ್ಟಿನ ನಂಬರ್ ನಂಬಬೇಡಿ. ಎದೆಯ ಸುತ್ತಳತೆ, ಮೇಲ್ತೋಳಿನ ಸುತ್ತಳತೆ ಎರಡನ್ನೂ ಟೇಪು ಹಿಡಿದು ಅಳೆಯಿರಿ. ಎರಡೂ ಬೇರೆ ಬೇರೆ ಸೈಜಿಗೆ ಬಂದರೆ ತೋಳಿನದ್ದಕ್ಕೆ ಹೊಂದಿಸಿ, ಬೆಲ್ಟನ್ನು ಹೇಗಾದರೂ ಸರಿಮಾಡಿಕೊಳ್ಳಬಹುದು. ಎಡ, ಬಲ ಎರಡಕ್ಕೂ ಆಗುತ್ತೆ ಅನ್ನುವ ಮಾದರಿಗಳು ನನಗೆ ಕಂಕುಳಲ್ಲಿ ಸರಿಯಾಗಿ ಕೂರಲಿಲ್ಲ. ಆಮೇಲೆ ಚೀಟಿ ಕೀಳುವ ಮೊದಲು, ಮನೆಯವರನ್ನು ಕರೆಯದೆ, ಒಬ್ಬರೇ ಕೂತು ಹಾಕಿ ಬಿಚ್ಚಿ ನೋಡಿ. ಆಗದಿದ್ದರೆ ಅವತ್ತೇ ವಾಪಸ್ ಕೊಡಿ.