ಪೆಪ್ಟೈಡ್ ಪುಡಿ: ಮೂರು ಬ್ಯಾಚ್ ಹಾಕಿ ನೋಡಿದ ಮೇಲೆ

ಸಾಲ್ಮೊನೆಲ್ಲಾ ಅನ್ನೋ ಕರುಳಿನ ಬ್ಯಾಕ್ಟೀರಿಯಾ ತಡೆಯೋಕೆ ಅಂತ ಫೀಡಿಗೆ ಬೆರೆಸುವ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರ) ಪುಡಿಯನ್ನು ಮೂರು ಬ್ಯಾಚ್ ಬ್ರಾಯ್ಲರ್‌ಗೆ ಹಾಕಿದ್ದೇನೆ. 5ಕ್ಕೆ 3 ಸ್ಟಾರ್.

ಮೊದಲ ಬ್ಯಾಚ್ ಕೆಟ್ಟಿದ್ದು ನನ್ನ ಕೈಯಾರೆ. ಟನ್ನಿಗೆ ಇಷ್ಟು ಗ್ರಾಂ ಅಂತ ಹಾಕುವ ಪುಡಿ ಅದು. ನಾನು ಪೊಟ್ಟಣ ಒಡೆದು ನೇರ ಮಿಕ್ಸರ್‌ಗೆ ಸುರಿದೆ. ಆಮೇಲೆ ನೋಡಿದರೆ ಮೂಲೆಯಲ್ಲಿ ಕಡಲೆಕಾಳಿನಷ್ಟು ಬಿಳಿ ಗಂಟುಗಳು. ಒಂದು ಕೋಳಿಗೆ ಎರಡು ಪಾಲು, ಇನ್ನೊಂದಕ್ಕೆ ಬರೀ ಮೆಕ್ಕೆಜೋಳ. 30ನೇ ದಿನ ಬೂಟಿನ ಮೇಲೆ ಬಟ್ಟೆಯ ಕವರ್ ಹಾಕಿಕೊಂಡು ಲಿಟರ್ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು) ಮೇಲೆ ಉದ್ದಕ್ಕೂ ನಡೆದು, ಅದನ್ನೇ ಲ್ಯಾಬಿಗೆ ಕಳಿಸಿದೆ. ಸಾಲ್ಮೊನೆಲ್ಲಾ ಪಾಸಿಟಿವ್ ಬಂತು. ಶೆಡ್ಡಿನಲ್ಲಿ ಒಂದು ಕೋಳಿಯೂ ಮಂಕಾಗಿರಲಿಲ್ಲ ನೋಡಿ! ಸಾಲ್ಮೊನೆಲ್ಲಾದಲ್ಲಿ ಎಂಟೆರಿಟಿಡಿಸ್, ಟೈಫಿಮುರಿಯಮ್ ಬಗೆಯವು ಬೆಳೆದ ಕೋಳಿಯ ಸೀಕಮ್‌ನಲ್ಲಿ (ಕರುಳಿನ ಕುರುಡು ಚೀಲ) ಸದ್ದಿಲ್ಲದೆ ಕೂತು ಹಿಕ್ಕೆಯಲ್ಲಿ ಹೊರಬರುತ್ತಿರುತ್ತವೆ. ಮಲಗೋದು ಅರೆಬೆಂದ ಮಾಂಸ ತಿಂದ ಮನುಷ್ಯ.

ಎರಡನೇ ಸಲ ಬುದ್ಧಿ ಬಂತು. ಪುಡಿಯನ್ನು ಮೊದಲು 2 ಕೆಜಿ ಜೋಳದ ಹಿಟ್ಟಿಗೆ, ಅದನ್ನು 20 ಕೆಜಿಗೆ ಬೆರೆಸಿ, ಕೊನೆಗೆ ಮಿಕ್ಸರ್‌ಗೆ ಹಾಕಿದೆ. ಮರಿ ಇಳಿದ ದಿನದಿಂದಲೇ ಶುರು, ಯಾಕಂದ್ರೆ ಮರಿಯ ಕರುಳು ಆಗ ಖಾಲಿ ಮನೆ, ಮೊದಲು ಹೊಕ್ಕಿದ್ದೇ ಯಜಮಾನ. ಒಂದು ಶೆಡ್ಡಿಗೆ ಪುಡಿ ಹಾಕಿದೆ, ಪಕ್ಕದ್ದಕ್ಕೆ ಇಲ್ಲ. ಪುಡಿ ತಿಂದ ಶೆಡ್ ನೆಗೆಟಿವ್, ಇನ್ನೊಂದು ಪಾಸಿಟಿವ್. ಒಂದೇ ಸ್ಯಾಂಪಲ್ ನಂಬಿ ಕುಣಿಯಬಾರದು, ಆದರೂ ಕುಣಿದೆ.

ಮೂರನೇ ಬ್ಯಾಚಿಗೆ ಮುಂಚೆ ಎರಡೂ ಶೆಡ್ಡಿನ ಇಲಿಬಿಲಗಳಿಗೆ ಸಿಮೆಂಟ್ ಮೆತ್ತಿದೆ, ಸೋರುತ್ತಿದ್ದ ಡ್ರಿಂಕರ್ ಬದಲಿಸಿದೆ, ಲಿಟರ್ ಒಣಗಿತು. ಈ ಸಲ ಎರಡೂ ನೆಗೆಟಿವ್. ಈಗ ಹಾರ ಪುಡಿಗೆ ಹಾಕಲೋ, ಸಿಮೆಂಟಿಗೆ ಹಾಕಲೋ?

ನನ್ನ ದೊಡ್ಡ ತಕರಾರು ಲೇಬಲ್ ಮೇಲೆ. ‘ಪೆಪ್ಟೈಡ್ ಮಿಶ್ರಣ’ ಅಂತ ಬರೆದು ಸುಮ್ಮನಾಗಿದ್ದಾರೆ. ಯಾವ ಪೆಪ್ಟೈಡ್ ಸ್ವಾಮಿ? ಆಹಾರ ಕೆಡದಂತೆ ಬಳಸುವ ನಿಸಿನ್ ಆಗಿದ್ದರೆ ಅದರ ಕೈ ನಡೆಯೋದು ಹೆಚ್ಚಾಗಿ ಗ್ರಾಂ-ಪಾಸಿಟಿವ್ (ಹೊರಪೊರೆ ಇಲ್ಲದ) ಬ್ಯಾಕ್ಟೀರಿಯಾಗಳ ಮೇಲೆ. ಸಾಲ್ಮೊನೆಲ್ಲಾ ಗ್ರಾಂ-ನೆಗೆಟಿವ್, ಹೊರಗೆ ಇನ್ನೊಂದು ಪೊರೆ ಹೊದ್ದಿರುತ್ತೆ, ನಿಸಿನ್ ಒಂದಕ್ಕೇ ಅಲ್ಲಿ ಒಳಹೊಗೋದು ಕಷ್ಟ. ಮೈಕ್ರೋಸಿನ್ ಜೆ25 ಆದರೆ ಬೇರೆ ಮಾತು: 21 ಅಮೈನೋ ಆಮ್ಲಗಳ ಸರ, ಕುಣಿಕೆಯಂತೆ ತನಗೇ ಗಂಟು ಹಾಕಿಕೊಂಡದ್ದು, ಬಿಸಿಗೆ ಜಗ್ಗಲ್ಲ, ಸಾಲ್ಮೊನೆಲ್ಲಾ ಮೇಲೆ ಕೆಲಸ ಮಾಡುತ್ತೆ. ಕರುಳಿನ ಕಿಣ್ವಗಳು ಪೆಪ್ಟೈಡನ್ನೂ ಪ್ರೋಟೀನ್ ಅಂತಲೇ ಕತ್ತರಿಸುತ್ತವೆ, ಹಾಗಾಗಿ ಕೋಟಿಂಗ್ ಇದೆಯೋ ಇಲ್ಲವೋ ಅನ್ನೋದೂ ಬೇಕು. ಫೀಡನ್ನು ಬಿಸಿ ಮಾಡಿ ಒತ್ತಿ ಪೆಲೆಟ್ (ಗುಳಿಗೆ) ಮಾಡುವವರು ಎಷ್ಟು ಡಿಗ್ರಿವರೆಗೆ ತಡೆಯುತ್ತೆ ಅಂತ ಕೇಳಲೇಬೇಕು. ನಾನು ಮ್ಯಾಶ್ (ಬಿಸಿ ಮಾಡದ ಪುಡಿ ಫೀಡು) ಹಾಕುವವನು, ಬಚಾವ್.

ಮಾರಿದವರು ‘ಇದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳೋದೇ ಇಲ್ಲ’ ಅಂದಿದ್ದರು. ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ ಕೂಡ ಪೆಪ್ಟೈಡೇ ಅಲ್ವಾ? ಅದನ್ನು ತಡೆದುಕೊಳ್ಳುವ ಎಂಸಿಆರ್-1 ಜೀನ್, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವಂಥದ್ದು, 2015ರಲ್ಲೇ ಚೀನಾದಿಂದ ವರದಿಯಾಗಿದೆ. ನಾನು ಹೀಗಂದಾಗ ಅವರು ಮಾತನ್ನು ಕೋಳಿ ತೂಕದ ಕಡೆ ತಿರುಗಿಸಿದರು. ತೂಕದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಮುಂದಿನ ಬ್ಯಾಚಿಗೆ ಸ್ಟಾರ್ಟರ್ ಫೀಡಿಗೆ (ಮರಿಗಳಿಗೆ ಮೊದಲು ಕೊಡುವ ಫೀಡು) ಮಾತ್ರ ಹಾಕ್ತೀನಿ. ಉಳಿದ ದುಡ್ಡಿಗೆ ಇಲಿಬೋನು.