ಈಮ್ಯಾಕ್ಸ್‌ನ ಆಟೋಲೋಡ್: ಹಲವು ವರ್ಷ ಬಳಸಿದ ಮೇಲೆ

ಈಮ್ಯಾಕ್ಸ್ ಎಂಬ ಪಠ್ಯ ಎಡಿಟರ್ ತೆರೆದುಕೊಳ್ಳಲು ತಡಮಾಡುತ್ತದೆ ಎಂದು ಯಾರಾದರೂ ದೂರಿದರೆ ನಾನು ಮೊದಲು ಕೇಳುವ ಪ್ರಶ್ನೆ, ಪ್ರಾರಂಭದಲ್ಲಿ ಅದು ಓದುವ ನಿಮ್ಮ ಸೆಟ್ಟಿಂಗ್‌ಗಳ ಇನಿಟ್ ಕಡತದಲ್ಲಿ ‘ರಿಕ್ವೈರ್’ ಎಷ್ಟಿವೆ ಎಂಬುದು. ರಿಕ್ವೈರ್ ಬರೆದ ಕಡೆಯಲ್ಲೆಲ್ಲ ಎಡಿಟರ್ ಅಲ್ಲಿ ಹೆಸರಿಸಿದ ಕೋಡ್ ಕಡತವನ್ನು ಆಗಲೇ, ಪೂರ್ತಿಯಾಗಿ ಓದಿಕೊಳ್ಳುತ್ತದೆ. ಅದರಲ್ಲಿರುವ ಸೌಲಭ್ಯವನ್ನು ನೀವು ಇಂದು ಮುಟ್ಟದೇ ಇರಬಹುದು, ಆದರೂ ಕಾದದ್ದು ಕಾದದ್ದೇ. ಈ ಕಾಯುವಿಕೆಯನ್ನು ತಪ್ಪಿಸುವ ಆಟೋಲೋಡ್ ನಾನು ಈ ಎಡಿಟರ್ ಬಿಟ್ಟು ಹೋಗದಿರಲು ಮುಖ್ಯ ಕಾರಣಗಳಲ್ಲೊಂದು.

ಇದರ ಕೆಲಸ ಸರಳ. ಫಂಕ್ಷನ್‌ನ ಹೆಸರು, ಅದು ಯಾವ ಕಡತದಲ್ಲಿದೆ, ಅದರ ವಿವರಣೆ, ಅದನ್ನು ಕಮಾಂಡ್ ಆಗಿ ಕರೆಯಬಹುದೇ ಎಂಬ ಮಾಹಿತಿ, ಇವಿಷ್ಟೇ ಮೊದಲು ಮೆಮೊರಿಗೆ ಬರುತ್ತವೆ. ಕೋಡ್ ಡಿಸ್ಕ್‌ನಲ್ಲೇ ಉಳಿಯುತ್ತದೆ. ನೀವು ಮೊದಲ ಸಲ ಆ ಕಮಾಂಡ್ ಕರೆದಾಗ ಕಡತ ಲೋಡ್ ಆಗುತ್ತದೆ, ನಿಜವಾದ ಫಂಕ್ಷನ್ ತನ್ನ ಜಾಗಕ್ಕೆ ಬರುತ್ತದೆ, ನಿಮ್ಮ ಕೆಲಸ ಮುಂದುವರಿಯುತ್ತದೆ. ಲೋಡ್ ಆಗುವ ಮೊದಲೇ ಕಮಾಂಡ್‌ನ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಕಂಟ್ರೋಲ್-ಎಚ್ ಎಫ್ ಒತ್ತಿದರೆ ವಿವರಣೆಯೂ ಸಿಗುತ್ತದೆ. ಲೋಡ್ ಅರ್ಧದಲ್ಲಿ ಎಡವಿದರೆ ಅಲ್ಲಿಯವರೆಗಿನ ವ್ಯಾಖ್ಯೆಗಳನ್ನು ಹಿಂದಕ್ಕೆ ತೆಗೆದು, ಮುಂದಿನ ಕರೆಗೆ ಮತ್ತೆ ಮೊದಲಿನಿಂದ ಪ್ರಯತ್ನಿಸುತ್ತದೆ. ಇಷ್ಟು ಎಚ್ಚರದಿಂದ ಮಾಡಿದ ವಿನ್ಯಾಸ ಎಂದರೆ ನನಗೆ ಗೌರವ.

ಇಡೀ ವ್ಯವಸ್ಥೆ ನಿಂತಿರುವುದು ಮಾತ್ರ ಪ್ಯಾಕೇಜ್ (ಎಡಿಟರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕೋಡ್) ಬರೆಯುವವರ ಶಿಸ್ತಿನ ಮೇಲೆ. ಅವರು ಫಂಕ್ಷನ್‌ನ ಮೇಲಿನ ಸಾಲಿನಲ್ಲಿ ಮೂರು ಸೆಮಿಕೋಲನ್, ಮೂರು ಹ್ಯಾಷ್ ಹಾಕಿ ‘ಆಟೋಲೋಡ್’ ಎಂಬ ಟಿಪ್ಪಣಿ ಬರೆಯುತ್ತಾರೆ. 2012ರ 24ನೇ ಆವೃತ್ತಿಯಲ್ಲಿ ಈಮ್ಯಾಕ್ಸ್‌ನೊಳಗೇ ಬಂದ ಪ್ಯಾಕೇಜ್ ವ್ಯವಸ್ಥೆ ಅನುಸ್ಥಾಪನೆಯ ಹೊತ್ತಿಗೆ ಇವನ್ನೆಲ್ಲ ಹೆಕ್ಕಿ ಒಂದು ಪುಟ್ಟ ಕಡತ ಮಾಡುತ್ತದೆ. ಟಿಪ್ಪಣಿಯ ಕೆಳಗೆ ಫಂಕ್ಷನ್ ಇದ್ದರೆ ಮೇಲೆ ಹೇಳಿದ ಹೆಸರು, ಕಡತ ಮೊದಲಾದ ಮಾಹಿತಿ ಮಾತ್ರ ಅಲ್ಲಿಗೆ ಹೋಗುತ್ತದೆ. ಬೇರೆ ಯಾವುದೋ ಕೋಡ್ ಇದ್ದರೆ ಅದು ಇದ್ದ ಹಾಗೆಯೇ ನಕಲಾಗಿ, ಪ್ರತಿ ಪ್ರಾರಂಭದಲ್ಲೂ ನಡೆಯುತ್ತದೆ. ಕಡತದ ಹೆಸರಿನ ಕೊನೆಯ ಒಂದು ವಿಸ್ತರಣೆಗೆ ಯಾವ ಮೋಡ್ (ಆ ಬಗೆಯ ಕಡತಕ್ಕೆ ತಕ್ಕ ಎಡಿಟರ್‌ನ ನಡತೆ) ಎಂದು ತಿಳಿಸುವ ಒಂದು ಸಾಲಿಗೆ ಇದು ಸರಿ. ಆದರೆ ನಾನು ಬಳಸಿದ ಒಂದು ಪ್ಯಾಕೇಜ್ ಇದರಲ್ಲೇ ಹುಕ್ (ನಿಗದಿತ ಘಟನೆ ನಡೆದಾಗ ತಾನಾಗಿ ಓಡುವ ಕೋಡ್) ಸೇರಿಸಿ, ಕೇವಲ ಅನುಸ್ಥಾಪಿಸಿದ್ದಕ್ಕೇ ಎಲ್ಲ ಪ್ರೋಗ್ರಾಮಿಂಗ್ ಬಫರ್‌ಗಳಲ್ಲೂ (ತೆರೆದ ಪಠ್ಯಗಳಲ್ಲೂ) ತನ್ನನ್ನು ಚಾಲೂ ಮಾಡಿಕೊಂಡಿತ್ತು. ನಾನು ಕೇಳದೆ ನನ್ನ ಎಡಿಟರ್‌ನ ನಡತೆ ಬದಲಾಗಬಾರದು. ಅದನ್ನು ಅಂದೇ ತೆಗೆದುಹಾಕಿದೆ.

ಬಳಕೆದಾರರು ತಿಳಿಯಲೇಬೇಕಾದದ್ದು, ತಮ್ಮ ಸೆಟ್ಟಿಂಗ್ ಯಾವಾಗ ನಡೆಯುತ್ತದೆ ಎಂಬುದು. ಚರಾಂಶಗಳ (ವೇರಿಯಬಲ್‌ಗಳ) ವಿಷಯದಲ್ಲಿ ತೊಂದರೆಯಿಲ್ಲ: ಪ್ಯಾಕೇಜ್ ಲೋಡ್ ಆಗುವ ಮೊದಲೇ ಮೌಲ್ಯ ಕೊಟ್ಟರೂ, ಪ್ಯಾಕೇಜ್ ತನ್ನ ಚರಾಂಶಗಳನ್ನು ಘೋಷಿಸುವ ‘ಡೆಫ್‌ವಾರ್’ ಅದನ್ನು ಅಳಿಸುವುದಿಲ್ಲ. ಯಾವ ಕೀ ಯಾವ ಕಮಾಂಡ್‌ಗೆ ಎಂದು ಹೇಳುವ ಕೀ ನಕ್ಷೆಗಳ ಕಥೆ ಬೇರೆ, ನಕ್ಷೆಯೇ ಇನ್ನೂ ಹುಟ್ಟದಿರುವಾಗ ಅದಕ್ಕೆ ಕೀ ಕಟ್ಟಲು ಬರುವುದಿಲ್ಲ. ಅಂಥದ್ದನ್ನು ಲೋಡ್ ಆದ ಮೇಲಷ್ಟೇ ನಡೆಯುವ ‘ವಿತ್-ಇವ್ಯಾಲ್-ಆಫ್ಟರ್-ಲೋಡ್’ ಒಳಗಿಡಬೇಕು. 2023ರಲ್ಲಿ 29ನೇ ಆವೃತ್ತಿಯೊಂದಿಗೆ ಮೂಲ ಈಮ್ಯಾಕ್ಸ್‌ಗೇ ಸೇರಿದ, ಪ್ಯಾಕೇಜ್‌ಗಳ ಸೆಟ್ಟಿಂಗ್ ಬರೆಯುವ ಸಾಧನವಾದ ‘ಯೂಸ್-ಪ್ಯಾಕೇಜ್’ ಇದನ್ನೆಲ್ಲ ಅಚ್ಚುಕಟ್ಟು ಮಾಡಿದೆ: ‘ಇನಿಟ್’ ಭಾಗ ಲೋಡ್‌ಗೆ ಮೊದಲು, ‘ಕಾನ್ಫಿಗ್’ ಭಾಗ ಲೋಡ್ ಆದ ನಂತರ. ‘ಬೈಂಡ್’, ‘ಹುಕ್’, ‘ಮೋಡ್’ ಬರೆದರೆ ಆಟೋಲೋಡ್ ತಾನಾಗಿಯೇ ಆಗುತ್ತದೆ.

ಕೊರತೆ ಇರುವುದೂ ಇಲ್ಲಿಯೇ. ಕಾನ್ಫಿಗ್‌ನಲ್ಲಿರುವ ಒಂದು ತಪ್ಪು ವಾರಗಟ್ಟಲೆ ಸದ್ದಿಲ್ಲದೆ ಕುಳಿತಿದ್ದು, ನೀವು ಅವಸರದಲ್ಲಿ ಆ ಸೌಲಭ್ಯ ತೆರೆದಾಗ ಎದ್ದು ಬರುತ್ತದೆ. ಸೆಟ್ಟಿಂಗ್ ಬದಲಿಸಿದ ದಿನ ‘ಯೂಸ್-ಪ್ಯಾಕೇಜ್-ಆಲ್ವೇಸ್-ಡಿಮಾಂಡ್’ ಹಾಕಿ ಒಮ್ಮೆ ಎಲ್ಲವನ್ನೂ ಬಲವಂತವಾಗಿ ಲೋಡ್ ಮಾಡಿಸಿ ನೋಡುವುದು ನನ್ನ ಅಭ್ಯಾಸ, ಅಡಗಿದ ದೋಷಗಳೆಲ್ಲ ಅಲ್ಲೇ ಹೊರಬೀಳುತ್ತವೆ. ಟಿಪ್ಪಣಿ, ಕೆಲಸಗಳ ಪಟ್ಟಿ ಬರೆಯಲು ಬಳಸುವ ಆರ್ಗ್‌ನಂಥ ದೊಡ್ಡ ಪ್ಯಾಕೇಜ್‌ನ ಮೊದಲ ಕಡತ ತೆರೆಯುವಾಗ ಒಂದು ತಡೆ ಕಾಣಿಸುವುದೂ ನಿಜ. ಮುಂದೂಡಿದ ಕೆಲಸ ಕರಗಿಹೋಗುವುದಿಲ್ಲ, ಬೇರೆ ಹೊತ್ತಿಗೆ ಸರಿಯುತ್ತದೆ ಅಷ್ಟೆ.

ಹಾಗಾಗಿ ಡೀಮನ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವಂತೆ, ಈಮ್ಯಾಕ್ಸ್ ಓಡಿಸುವವರಿಗೆ ನಾನು ಹೇಳುವುದು ಬೇರೆ. ಲಾಗಿನ್ ಆದಾಗ ಒಮ್ಮೆ ಎಲ್ಲವನ್ನೂ ಲೋಡ್ ಮಾಡಿ ಬಿಡಿ, ಆಮೇಲೆ ತೆರೆಯುವ ಪ್ರತಿ ಕಿಟಕಿಯೂ ತಕ್ಷಣ ಬರುತ್ತದೆ. ಟರ್ಮಿನಲ್‌ನಿಂದ ಆಗಾಗ ತೆರೆದು ಮುಚ್ಚುವವರಿಗೆ ಆಟೋಲೋಡ್ ಬಿಟ್ಟರೆ ಗತಿಯಿಲ್ಲ. ಪ್ಯಾಕೇಜ್‌ಗಳು ಬಹಳ ಇದ್ದರೆ 27ನೇ ಆವೃತ್ತಿಯಿಂದ ಇರುವ ‘ಪ್ಯಾಕೇಜ್-ಕ್ವಿಕ್‌ಸ್ಟಾರ್ಟ್’ ಕೂಡ ಹಾಕಿಕೊಳ್ಳಿ, ಅದು ಎಲ್ಲ ಆಟೋಲೋಡ್ ಕಡತಗಳನ್ನು ಒಂದರಲ್ಲೇ ಸೇರಿಸುತ್ತದೆ.

ನನಗೆ ಇನ್ನೂ ಬೇಕಾಗಿರುವುದು ಇದರ ತಿರುಗು ದಾರಿ. ಒಮ್ಮೆ ಒಳಬಂದ ಕೋಡನ್ನು ಹೊರಗೆ ಕಳಿಸಲು ‘ಅನ್‌ಲೋಡ್-ಫೀಚರ್’ ಇದೆ, ಆದರೆ ಅದಕ್ಕೆ ತಕ್ಕಂತೆ ಬರೆದ ಪ್ಯಾಕೇಜ್‌ಗಳು ಕಡಿಮೆ. ಪ್ರಯೋಗಕ್ಕೆಂದು ತಂದದ್ದನ್ನು ಪೂರ್ತಿ ತೊಲಗಿಸಬೇಕಾದರೆ ನಾನು ಇಂದಿಗೂ ಎಡಿಟರ್ ಮುಚ್ಚಿ ತೆರೆಯುತ್ತೇನೆ.